ಕೈಗೆ ಗೊತ್ತಾಗುವ ಅಡುಗೆಮನೆ

"ನನ್ನನ್ನೇನು ಕೇಳ್ತೀರಿ? ನಿಮಗೆ ಹೇಗೆ ಬೇಕೋ ಹಾಗೆ ಮಾಡಿಸ್ಕೊಳ್ಳಿ" ಎಂದು ನನ್ನ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಪದ್ಮನಾಭನಗರದ ನಮ್ಮ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವ ಮಾತು ನಡೆಯುತ್ತಿತ್ತು. ಹಳೆಯ ಬೀರುಗಳ ಬಾಗಿಲು ನೀರು ಕುಡಿದು ಉಬ್ಬಿ, ಮುಚ್ಚಿದರೆ ತೆಗೆಯಲು ಬಾರದ ಸ್ಥಿತಿಗೆ ಬಂದಿದ್ದವು.

ಅತ್ತೆಗೆ ಗ್ಲಾಕೋಮಾ. ನೋಟ ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ಈಗ ಬೆಳಕು ಮತ್ತು ಎದುರಿಗಿರುವವರ ಆಕಾರವಷ್ಟೇ ತಿಳಿಯುತ್ತಿತ್ತು. ಒಂದು ದಿನ ಹುಳಿಗೆ ಸಾಂಬಾರ್ ಪುಡಿ ಎಂದುಕೊಂಡು ರಾಗಿ ಹಿಟ್ಟು ಸುರಿದುಬಿಟ್ಟರು. ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆದರೆ ಮರುದಿನದಿಂದ ಅವರು ಒಲೆಯ ಹತ್ತಿರ ಹೋಗಲಿಲ್ಲ. ನೆಂಟರ ಮನೆಯ ಸೀಮಂತ, ನಾಮಕರಣಗಳಿಗೆಲ್ಲ ಮುಂದೆ ನಿಂತು ಅಡುಗೆ ಮಾಡಿದ್ದವರು ಊಟದ ಮೇಜಿನ ಹತ್ತಿರ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾನು ಎಷ್ಟು ಕರೆದರೂ "ಬೇಡಮ್ಮ, ಸಾಕು" ಎನ್ನುತ್ತಿದ್ದರು.

ಒಂದು ಶನಿವಾರ, ಬೀರುಗಳ ಬಾಗಿಲಿಗೆ ಹೊದಿಸುವ ಲ್ಯಾಮಿನೇಟ್ ಆರಿಸಲು ಜೆ.ಪಿ. ನಗರದ ಅಂಗಡಿಗೆ ಹೊರಟೆವು. ಒಬ್ಬರೇ ಮನೆಯಲ್ಲಿ ಇರುವುದು ಬೇಡವೆಂದು ಅತ್ತೆಯನ್ನೂ ಕರೆದುಕೊಂಡು ಹೋದೆವು. ಗೋಡೆ ತುಂಬ ನೇತುಹಾಕಿದ ಸ್ಯಾಂಪಲ್‌ಗಳು. ನನ್ನ ಗಂಡ ನೇರವಾಗಿ ಬಿಳಿಯ, ಕನ್ನಡಿಯಂತೆ ಹೊಳೆಯುವ ಹಲಗೆಯ ಹತ್ತಿರ ಹೋದರು.

"ಇದು ನೋಡೇ, ಎಷ್ಟು ನೀಟಾಗಿದೆ!"

"ನೀಟಾಗಿದೆ, ಆಸ್ಪತ್ರೆ ಥರ. ನಂಗೆ ಮರದ ಥರ ಇರೋದು ಬೇಕು ರೀ."

"ಮರ ಅಂದ್ರೆ ಕತ್ತಲೆ ಕತ್ತಲೆ ಆಗತ್ತೆ."

ನಮ್ಮ ಜಗಳ ಸದ್ಯಕ್ಕೆ ಮುಗಿಯುವಂಥದಲ್ಲ ಎಂದು ಅಂಗಡಿಯವರಿಗೆ ಅನ್ನಿಸಿರಬೇಕು. ಅತ್ತೆಗೆ ಕುರ್ಚಿ ಹಾಕಿ, ಕಾಫಿ ತರಿಸಿಕೊಟ್ಟರು. ನಾನು ತೆಗೆಸಿದ್ದ ಮರದ ಮಾದರಿಯ ಸ್ಯಾಂಪಲ್‌ಗಳನ್ನು ಅವರೆದುರಿಗಿದ್ದ ಮೇಜಿನ ಮೇಲೆ ಹರಡಿದರು. ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ದನಿ ಕೇಳಿಸಿತು.

"ಏನಪ್ಪಾ ಇದು? ಮರಾನಾ?"

ತಿರುಗಿ ನೋಡಿದರೆ, ಕಾಫಿ ಲೋಟ ಪಕ್ಕಕ್ಕಿಟ್ಟು ಒಂದು ಸ್ಯಾಂಪಲ್ ಮೇಲೆ ಅಂಗೈ ಆಡಿಸುತ್ತಿದ್ದರು.

"ಇಲ್ಲಮ್ಮ, ಲ್ಯಾಮಿನೇಟು. ಮೇಲೆ ಮರದ ಗೆರೆ ಬರೋ ಥರ ಒತ್ತಿರ್ತಾರೆ" ಎಂದರು ಅಂಗಡಿಯವರು.

"ಸುಳ್ಳು ಮರ ಅನ್ನು!" ಎಂದು ಅತ್ತೆ ನಕ್ಕರು. ಆಮೇಲೆ ಇನ್ನೊಂದನ್ನು ಕೊಡಲು ಹೇಳಿದರು, ಮತ್ತೊಂದನ್ನು ಕೇಳಿದರು. ತೀರಾ ಒರಟಾಗಿದ್ದ ಒಂದನ್ನು ಉಗುರಿನಲ್ಲಿ ಕೆರೆದು, "ಇದರ ಸಂದೀಲಿ ಒಗ್ಗರಣೆ ಜಿಡ್ಡು ಕೂತ್ರೆ ಉಜ್ಜೋರು ಯಾರು?" ಎಂದು ಸರಿಸಿದರು. ನುಣುಪಾದದ್ದನ್ನು ಮುಟ್ಟಿ, "ಜಾರತ್ತೆ, ಬೇಡ" ಎಂದರು. ಕೊನೆಗೆ ಒಂದು ಹಲಗೆಯ ಮೇಲೆ ಅವರ ಕೈ ನಿಂತಿತು. ಅದರಲ್ಲಿ ಗೆರೆಗಳು ತೆಳ್ಳಗೆ, ಉದ್ದಕ್ಕೆ ಹರಿದಿದ್ದವು.

"ಇದ್ಯಾವ ಬಣ್ಣ?"

"ಬೆಲ್ಲದ ಬಣ್ಣ ಅತ್ತೆ."

"ಹೊಸ ಬೆಲ್ಲಾನೋ, ಹಳೇದೋ?"

"ಹಳೇದು. ಸ್ವಲ್ಪ ಕಂದು."

ಅವರು ಹಲಗೆಯನ್ನು ನಿಧಾನವಾಗಿ ತಿರುಗಿಸಿ ಹಿಡಿದರು. "ನೋಡು, ಹೀಗೆ ಹಿಡಿದ್ರೆ ಗೆರೆ ನಿಂತಿರತ್ತೆ, ಹೀಗೆ ಹಿಡಿದ್ರೆ ಮಲಗಿರತ್ತೆ. ಪುಡಿ, ಕಾಳು ಇಡೋ ಡ್ರಾಯರ್‌ಗೆ ಮಲಗಿರೋ ಗೆರೆ, ಪಾತ್ರೆ ಇಡೋ ಕಡೆ ನಿಂತಿರೋ ಗೆರೆ ಹಾಕಿಸಿದ್ರೆ... ನಂಗೆ ಗೊತ್ತಾಗತ್ತೆ, ಅಲ್ವೇನೇ?"

ನನ್ನ ಗಂಡ ಕೈಯಲ್ಲಿದ್ದ ಬಿಳಿ ಹಲಗೆಯನ್ನು ಗೋಡೆಗೆ ವಾಪಸು ತೂಗುಹಾಕಿ ಬಂದು, "ಇದೇ ಕೊಡಿ" ಎಂದರು.

ಕೆಲಸಕ್ಕೆ ಸುಬ್ರಹ್ಮಣ್ಯಪುರದಿಂದ ಬಂದ ಬಡಗಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಸಾರ್, ಗೆರೆ ಎಲ್ಲಾ ಒಂದೇ ಕಡೆ ಓಡ್ಬೇಕು. ಇಲ್ದಿದ್ರೆ ನೋಡ್ದೋರು ನನಗೆ ಕೆಲ್ಸ ಬರಲ್ಲ ಅಂತಾರೆ." ಕಾರಣ ತಿಳಿದ ಮೇಲೆ ಅವರೇ ಎರಡು ಬಾಗಿಲುಗಳನ್ನು ಗೋಡೆಗೆ ಒರಗಿಸಿ, "ಅಮ್ಮಾ, ಬನ್ನಿ, ಮುಟ್ಟಿ ಹೇಳಿ" ಎಂದು ಕರೆದರು. ಆ ದಿನದಿಂದ ಅತ್ತೆ ಅವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಎಣ್ಣೆ ಡಬ್ಬಿ ಒಲೆಯ ಬಲಗಡೆ ಬರಬೇಕು, ತುರಿಯೋ ಮಣೆ ಕೆಳಗಡೆ, ಹಿಡಿಗಳು ದಪ್ಪಗಿರಲಿ, ಬೆರಳು ಪೂರ್ತಿ ಹೋಗಲಿ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತ ಓಡಾಡಿದೆ.

ಅಂದಚೆಂದದ ಕೆಲಸ ಮಾತ್ರ ನನಗೇ ಉಳಿಯಿತು. ಕತ್ತಲೆಯಾಗಬಾರದೆಂಬ ಗಂಡನ ಮಾತಿಗೆ ಬೆಲೆ ಕೊಟ್ಟು ಮೇಲಿನ ಬೀರುಗಳಿಗೆ ಕೆನೆಬಣ್ಣದ ಸಾದಾ ಬಾಗಿಲು ಹಾಕಿಸಿದೆ, ಅವುಗಳ ಕೆಳಗೆ ಹಳದಿ ದೀಪದ ಪಟ್ಟಿ. ಬೆಳಕು ಓರೆಯಾಗಿ ಬಿದ್ದರೆ ಗೆರೆಗಳು ಎದ್ದು ಕಾಣುತ್ತಿದ್ದವು. ಹಿಡಿಗಳು ಹಿತ್ತಾಳೆಯವು. ಅಟ್ಟದಲ್ಲಿದ್ದ ಹಿತ್ತಾಳೆ ಡಬ್ಬಿಗಳನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಒಂದು ತೆರೆದ ಹಲಗೆಯ ಮೇಲೆ ಜೋಡಿಸಿದೆ. ಬೆಲ್ಲದ ಬಣ್ಣದ ಪಕ್ಕದಲ್ಲಿ ಅವು ಹೊಸ ಕಳೆ ಪಡೆದವು.

ಎಲ್ಲ ಮುಗಿದ ಮೇಲಿನ ಮೊದಲ ಭಾನುವಾರ, ಸಾಸಿವೆ ಸಿಡಿಯುವ ಸದ್ದಿಗೆ ನನಗೆ ಎಚ್ಚರವಾಯಿತು. ಗಂಡನನ್ನು ಎಬ್ಬಿಸಿಕೊಂಡು ಹೋಗಿ ನೋಡಿದರೆ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯೆದುರು ನಿಂತಿದ್ದರು. ಹಿಂದಿನ ದಿನ ಸುಲಿದಿಟ್ಟ ಅವರೆಕಾಳು ಆಗಲೇ ಬೆಂದಿತ್ತು. ಎಡಗೈ ಡ್ರಾಯರ್‌ಗಳ ಮೇಲೆ ಸವರುತ್ತ ಹೋಗಿ ಒಂದರ ಮೇಲೆ ನಿಂತಿತು. ಎಳೆದರು, ರವೆಯ ಡಬ್ಬಿ ತೆಗೆದರು, ಮೂಸಿ ನೋಡಿ ತಲೆಯಾಡಿಸಿದರು. ನಾವು ಹೊಸಿಲಲ್ಲೇ ನಿಂತು ನೋಡುತ್ತಿದ್ದೆವು.

"ಯಾರದು ಬಾಗಿಲಲ್ಲಿ? ಇಬ್ರೂ ಬೆಳಕಿಗೆ ಅಡ್ಡ ನಿಂತ್ಕೊಂಡಿದ್ದೀರಲ್ಲೋ! ಹೋಗಿ ಹಲ್ಲುಜ್ಜಿ, ಉಪ್ಪಿಟ್ಟು ಆಯ್ತು."

ಅವರೆಕಾಳು ಉಪ್ಪಿಟ್ಟನ್ನು ನಾನು ಎರಡನೇ ಸಲ ಹಾಕಿಸಿಕೊಂಡೆ. ನನ್ನ ಗಂಡ ಬಾಣಲೆಯನ್ನೇ ಮೇಜಿಗೆ ತಂದಿಟ್ಟುಕೊಂಡರು. ಅಷ್ಟರಲ್ಲಿ ಮೇಲಿನ ಮನೆಯ ಆಂಟಿ ಅಡುಗೆಮನೆ ನೋಡಲು ಇಳಿದು ಬಂದರು. ಬಂದವರೇ, "ಅಯ್ಯೋ, ಗೆರೆ ಅಡ್ಡಾದಿಡ್ಡಿ ಆಗ್ಬಿಟ್ಟಿದೆಯಲ್ರೀ!" ಎಂದರು.

ಅತ್ತೆ ಅವರ ಕೈ ಹಿಡಿದು ಒಳಕ್ಕೆ ಕರೆದೊಯ್ದರು. "ಹಾಗಲ್ಲ ಕಣ್ರೀ ನೋಡೋದು. ಎಲ್ಲಿ, ಕಣ್ಮುಚ್ಚಿ. ಈಗ ನಂಗೆ ಜೀರಿಗೆ ತೆಗೆದುಕೊಡಿ ನೋಡೋಣ."

ಆಂಟಿ ಕಣ್ಣು ಮುಚ್ಚಿಕೊಂಡು ತಡಕಾಡಿ, ಬಾಗಿಲೊಂದನ್ನು ಎಳೆದು, ಇಡ್ಲಿ ಪಾತ್ರೆಯನ್ನು ಹೊರತೆಗೆದರು. ಅಡುಗೆಮನೆಯಲ್ಲಿ ಎದ್ದ ನಗುವಿನಲ್ಲಿ ಅತ್ತೆಯದೇ ಎಲ್ಲಕ್ಕಿಂತ ಜೋರಾಗಿತ್ತು.