ಅವರ ಮನೆಯಲ್ಲಿ ಫ್ರೆಂಚ್ ಮಾತ್ರ

ಕಳೆದ ವಾರ ಲಂಡನ್ನಿನ ಕ್ರೋಯ್ಡನ್ ಮಾರ್ಕೆಟ್ಟಿನ ಆಫ್ರಿಕನ್ ಅಂಗಡಿಯಲ್ಲಿ ಒಣಗಿದ ಕೆಂಪು ಹೂವಿನ ಚೀಲವೊಂದು ಒಡೆದು ಚೆಲ್ಲಿತ್ತು. ನಮ್ಮ ಧಾರವಾಡದ ಕಡೆಯ ಪುಂಡಿಸೊಪ್ಪಿನ ಜಾತಿಯದೇ, ಅದೇ ಹುಳಿ ವಾಸನೆ. ಸೆನೆಗಲ್‌ನವರು ಅದನ್ನು ಕುದಿಸಿ, ಸಕ್ಕರೆ ಹಾಕಿ ಶರಬತ್ತು ಮಾಡುತ್ತಾರೆ. ಮೂಗಿಗೆ ಬಡಿದದ್ದೇ ತಡ, ಆಗ ಕೆಳಗಿನ ಫ್ಲ್ಯಾಟಿನಲ್ಲಿದ್ದ ಟೀಚರ್ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ...

ಅವರು ಸೆನೆಗಲ್ಲಿನ ಡಾಕರ್‌ನವರು. ಮಕ್ಕಳಿಗೆ ಮನೆಯಲ್ಲೇ ಫ್ರೆಂಚ್ ಪಾಠ ಹೇಳುತ್ತಿದ್ದರು. ಇಸ್ತ್ರಿ ಮುರಿಯದ ಬ್ಲೌಸು, ಬಿಗಿದ ತುಟಿ. ನನ್ನ ಮಗಳು ಶಾಲೆಯಲ್ಲಿ ಫ್ರೆಂಚಿನಲ್ಲಿ ಹಿಂದೆ ಬಿದ್ದಿದ್ದಳೆಂದು ನಾನೇ ಕರೆದುಕೊಂಡು ಹೋದೆ. ಬಾಗಿಲಲ್ಲಿ ಮಗಳಿಗೆ, "ಬೂಟ್ ತಗದು ಒಳಗ ಹೋಗವ್ವಾ" ಎಂದೆ. ಟೀಚರ್ ಕೈ ಎತ್ತಿ ತಡೆದರು.

"ಆ ಭಾಷೆ ಹೊರಗೇ ಇರಲಿ. ಮಗುವಿನ ನಾಲಿಗೆ ಕೆಡುತ್ತದೆ," ಎಂದರು ಇಂಗ್ಲಿಷಿನಲ್ಲಿ. ನನ್ನ ಮೈ ಉರಿದುಹೋಯಿತು.

ಊರಿನಿಂದ ಬಂದು ಜೊತೆಗಿದ್ದ ಅವರ ತಾಯಿಗೂ ಅದೇ ಕಾನೂನು. ಆ ಅಜ್ಜಿಗೆ ತಮ್ಮ ಮನೆಮಾತು ವೋಲೋಫ್ ಬಿಟ್ಟರೆ ಫ್ರೆಂಚ್ ಅಷ್ಟಕ್ಕಷ್ಟೆ. ಪಾಠ ಮುಗಿಸಿದ ಮಕ್ಕಳನ್ನು "ಕಾಯ್ ಲೆಕ್", ಬನ್ನಿ ಉಣ್ಣಿ, ಎಂದು ಕರೆಯುತ್ತಿದ್ದರು. ಟೀಚರ್ ಅದನ್ನೇ ಫ್ರೆಂಚಿನಲ್ಲಿ ಹೇಳಿ ತಿದ್ದುತ್ತಿದ್ದರು. ಹೆತ್ತವಳನ್ನು, ಮಕ್ಕಳ ಎದುರಿಗೆ!

ಒಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ, ನಿಮ್ಮೂರಲ್ಲಿ ಎಲ್ಲರೂ ವೋಲೋಫ್ ಆಡುವುದಿಲ್ಲವೇ ಎಂದು.

"ಆಡುತ್ತಾರೆ. ಸಂತೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲೂ. ಅರ್ಧ ವಾಕ್ಯ ವೋಲೋಫ್, ಅರ್ಧ ಫ್ರೆಂಚ್. ಬರೀ ಕಲಬೆರಕೆ."

ಆಮೇಲೆ ತಮ್ಮ ಶಾಲೆಯ ಕಥೆ ಹೇಳಿದರು. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮೇಷ್ಟ್ರು ಒಂದು ಮರದ ತುಂಡು ನೇತುಹಾಕುತ್ತಿದ್ದರಂತೆ. ಇನ್ನೊಬ್ಬರು ಸಿಕ್ಕಿಬೀಳುವವರೆಗೂ ಅದು ಅಲ್ಲೇ. "ನನ್ನ ಕೊರಳಿಗೆ ಅದು ಒಮ್ಮೆಯೂ ಬೀಳಲಿಲ್ಲ," ಎಂದರು, ಪದಕ ಗೆದ್ದವರ ಹಾಗೆ.

ಪಾಠ ಬಿಡಿಸುತ್ತೇನೆಂದು ಮನೆಯಲ್ಲಿ ಹಾರಾಡಿದೆ. ಮಗಳು ತಲೆಯನ್ನೂ ಎತ್ತಲಿಲ್ಲ. "ಐ ಲೈಕ್ ಹರ್, ಮಮ್ಮಿ. ಯೂ ಆರ್ ಜಸ್ಟ್ ಜೆಲಸ್." ಅಷ್ಟರಲ್ಲಾಗಲೇ ಅವಳು ನನ್ನ ಕನ್ನಡಕ್ಕೆ ಕನ್ನಡದಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿದ್ದಳು...

ಆ ವರ್ಷವೇ ಅಜ್ಜಿಗೆ ಲಕ್ವ ಹೊಡೆಯಿತು. ಇದ್ದ ಚೂರುಪಾರು ಫ್ರೆಂಚೂ ಅಳಿಸಿಹೋಗಿ, ಉಳಿದದ್ದು ವೋಲೋಫ್ ಒಂದೇ. ಆಸ್ಪತ್ರೆಗೆ ನೋಡಲು ಹೋದಾಗ ಟೀಚರ್ ಮಂಚದ ಪಕ್ಕ ನೆಟ್ಟಗೆ ಕೂತಿದ್ದರು. ಅಜ್ಜಿಯ ತುಟಿ ಒಡೆದಿತ್ತು. "ನ್ದೋಖ್... ನ್ದೋಖ್..." ಎನ್ನುತ್ತಿದ್ದರು. ಕಣ್ಣು ಪಕ್ಕದ ನೀರಿನ ಲೋಟದ ಮೇಲಿತ್ತು. ಟೀಚರ್ ಮಾತ್ರ ನೀರಿಗಿರುವ ಫ್ರೆಂಚ್ ಪದವನ್ನೇ ಬಿಡಿಸಿ ಬಿಡಿಸಿ ಹೇಳಿಕೊಡುತ್ತಿದ್ದರು. ಪಾಠ!

"ಮೊದಲ ನೀರು ಕೊಡ್ರೀ ಆಕೀಗೆ!" ಎಂದು ಕೂಗಿದೆ. ಕನ್ನಡದಲ್ಲೇ. ಇಡೀ ವಾರ್ಡು ನನ್ನತ್ತ ತಿರುಗಿತು.

ಟೀಚರ್‌ಗೆ ಕನ್ನಡ ಬರದಿದ್ದರೂ ಅರ್ಥವಾಯಿತು. ಚಮಚದಲ್ಲಿ ನೀರು ಕುಡಿಸಿದರು. ಅಜ್ಜಿ ಮತ್ತೇನೋ ಕೇಳಿದರು. ಈ ಸಲ ಟೀಚರ್ ಬಗ್ಗಿ, ವೋಲೋಫಿನಲ್ಲಿ ಉತ್ತರ ಕೊಟ್ಟರು. ತಡವರಿಸುತ್ತಾ, ಪದಗಳಿಗಾಗಿ ಹುಡುಕಾಡುತ್ತಾ. ಅಜ್ಜಿ ಅವರ ಕೆನ್ನೆ ಮುಟ್ಟಿದರು.

ನಾನು ಹೊರಟಾಗ ಟೀಚರ್ ಕಾರಿಡಾರಿಗೆ ಬಂದರು. ಕಣ್ಣು ಕೆಂಪಗಿತ್ತು.

"ಈಗ ತಣ್ಣಗಾಯಿತೇ ನಿಮಗೆ?"

"ಆಯಿತು," ಎಂದೆ.

ಅಜ್ಜಿ ಮತ್ತೆ ಮನೆಗೆ ಬರಲಿಲ್ಲ. ಟೀಚರ್ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಗಳು ಮಾತ್ರ ಅವರು ಮನೆ ಬದಲಿಸುವವರೆಗೂ ಪಾಠಕ್ಕೆ ಹೋದಳು. ಈಗ ಪ್ಯಾರಿಸ್ಸಿನಲ್ಲಿದ್ದಾಳೆ.

ಹೋದ ಚಳಿಗಾಲ ಅವಳ ಫೋನು ಬಂತು. ಟೀಚರ್ ತೀರಿಕೊಂಡಿದ್ದರು. "ಯೂ ಹೇಟೆಡ್ ಹರ್," ಎಂದು ಬಿಕ್ಕಿದಳು. ಹೌದೆಂದೆ. ಅವಳ ಅಳು ನಿಲ್ಲಲಿಲ್ಲ. ಅಳಬ್ಯಾಡ ನನ್ನ ಬಂಗಾರಾ, ನಾ ಅದೀನಲ್ಲಾ... ಎಂಬ ಮಾತು ಗಂಟಲವರೆಗೂ ಬಂತು. ಅದು ಅವಳಿಗೆ ಇನ್ನೂ ತಾಗುತ್ತದೋ ಇಲ್ಲವೋ, ಗೊತ್ತಾಗಲಿಲ್ಲ. "ಐ ಆಮ್ ಸಾರಿ" ಎಂದೆ, ಟ್ಯೂಬ್ ರೈಲಿನಲ್ಲಿ ಯಾರದೋ ಕಾಲು ತುಳಿದವರ ಹಾಗೆ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಆ "ಐ ಆಮ್ ಸಾರಿ" ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.