ಹೊರರಾಜ್ಯದ ನಂಬರಿನ ನಮ್ಮ ಮಾವ

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ನಮ್ಮ ಮನೆಗೆ ಬಂದದ್ದು ಹದಿನೈದು ದಿನ ಇದ್ದು ಹೋಗುವುದಕ್ಕೆ. ಬಂದು ನಾಲ್ಕು ವರ್ಷ ಎರಡು ತಿಂಗಳಾಗಿತ್ತು. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಲೆಕ್ಕ ಹಾಕದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಇದನ್ನೂ ಹಾಕಿದ್ದೆ: ನೂರೊಂದು ಹದಿನೈದು ದಿನ. ಮನೆಗೆ ಯಾರೇ ಬಂದರೂ ಮಾವನ ಎದುರಿಗೇ ಈ ಲೆಕ್ಕ ಒಪ್ಪಿಸುತ್ತಿದ್ದೆ. "ಮನೆ ಅಳಿಯಂದಿರನ್ನ ನೋಡಿರ್ತೀರಿ, ಇವರು ಮನೆ ಮಾವ" ಎಂದು ಪರಿಚಯ ಮಾಡಿಕೊಡುತ್ತಿದ್ದೆ. ಬಂದವರು ನಗುತ್ತಿದ್ದರು. ಮಾವನೂ ನಗುತ್ತಿದ್ದರು. ಅವರ ನಗುವನ್ನು ನಾನು ನಂಬಿದ್ದೆ.

ಅವರು ಬಂದದ್ದು ಪಕ್ಕದ ರಾಜ್ಯದಿಂದ, ಎರಡು ದಿನದ ದಾರಿ, ಮೋಟಾರ್ ಸೈಕಲ್ಲಿನಲ್ಲಿ. ಆಗಲೇ ಅವರಿಗೆ ಅರವತ್ತೇಳು. ಬಸ್ಸಿನಲ್ಲಿ ಬನ್ನಿ ಎಂದು ಮಗಳು ಫೋನಿನಲ್ಲಿ ಅಂಗಲಾಚಿದರೂ ಕೇಳಲಿಲ್ಲ. ಗಾಡಿ ಬಿಟ್ಟು ಬರುವುದೆಂದರೆ ಅವರಿಗೆ ಒಂದು ಕೈ ಬಿಟ್ಟು ಬಂದ ಹಾಗೆ. ನಲವತ್ತೊಂದು ವರ್ಷ ಅದೇ ಕೆಲಸ: ಹೊಲಿಗೆ ಯಂತ್ರ ರಿಪೇರಿ. ಗಾಡಿಯ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿ ದರ್ಜಿಗಳ ಯಂತ್ರ ಸರಿ ಮಾಡಿ, ನನ್ನ ಅತ್ತೆಯನ್ನು ಸಾಕಿದ್ದಾರೆ, ನನ್ನ ಹೆಂಡತಿಯನ್ನು ಓದಿಸಿದ್ದಾರೆ. ಅತ್ತೆ ತೀರಿಹೋದ ಮೇಲೆ ಒಂದು ವರ್ಷ ಒಬ್ಬರೇ ಇದ್ದು, ಆಮೇಲೆ ನಮ್ಮಲ್ಲಿಗೆ ಬಂದರು.

ಅವರು ಯಂತ್ರ ನೋಡುವ ಮೊದಲು ಕೇಳುತ್ತಾರೆ. ಕಣ್ಣು ಮುಚ್ಚಿ, ತಲೆ ಒಂದು ಕಡೆಗೆ ವಾಲಿಸಿ, "ತುಳಿಯಮ್ಮ" ಎನ್ನುತ್ತಾರೆ. ಯಂತ್ರದ ಒಡತಿ ತುಳಿಯುತ್ತಾಳೆ. ಹತ್ತು ಹೊಲಿಗೆ ಓಡುವಷ್ಟರಲ್ಲಿ ಇವರಿಗೆ ರೋಗ ಗೊತ್ತಾಗಿರುತ್ತದೆ. ದಾರ ಕಡಿಯುತ್ತಿದ್ದರೆ ಅದಕ್ಕೊಂದು ಸದ್ದು, ಸೂಜಿ ಡೊಂಕಾಗಿದ್ದರೆ ಇನ್ನೊಂದು, ಬಾಬಿನ್ ಹತ್ತಿರ ಧೂಳು ಕೂತಿದ್ದರೆ ಮತ್ತೊಂದು. ನಮ್ಮ ಬೀದಿಯ ಹೆಂಗಸರಿಗೆ ಈ ಸುದ್ದಿ ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. ಅಲ್ಲಿಂದ ನಮ್ಮ ವರಾಂಡದಲ್ಲಿ ಯಾವಾಗ ನೋಡಿದರೂ ಯಾರದೋ ಯಂತ್ರ ಕಾಲು ಮೇಲೆ ಮಾಡಿಕೊಂಡು ಬಿದ್ದಿರುತ್ತಿತ್ತು. ನನ್ನ ಬಿಳಿ ಅಂಗಿಗಳಿಗೆಲ್ಲ ಎಣ್ಣೆಯ ಕಲೆ. ನಾನು ರೇಗುತ್ತಿದ್ದೆ. ಮಾವ ಆ ಅಂಗಿಯನ್ನು ತೆಗೆದುಕೊಂಡು ಹೋಗಿ ಸೀಮೆಸುಣ್ಣದ ಪುಡಿ ಉಜ್ಜಿ ಒಗೆದು, ಮಡಚಿ, ನನ್ನ ಮೇಜಿನ ಮೇಲೆ ಇಡುತ್ತಿದ್ದರು.

ಅವರ ಮೋಟಾರ್ ಸೈಕಲ್ಲಿನ ನಂಬರು ಮಾತ್ರ ಹೊರರಾಜ್ಯದ್ದೇ ಉಳಿದಿತ್ತು. ಈ ರಾಜ್ಯದಲ್ಲಿ ವಾಸಕ್ಕೆ ಬಂದವರು ಗಾಡಿಯನ್ನು ಇಲ್ಲಿಯ ನೋಂದಣಿಗೆ ಬದಲಾಯಿಸಿಕೊಳ್ಳಬೇಕೆಂಬುದು ಕಾನೂನು. ಸರ್ಕಲ್ಲಿನ ಪೊಲೀಸ್ ವಾರಕ್ಕೊಮ್ಮೆ ತಪ್ಪದೆ ಕೈ ಅಡ್ಡ ಹಿಡಿಯುತ್ತಿದ್ದ.

"ಯಾವೂರು ಯಜಮಾನ್ರೆ?"

"ಈ ಊರಲ್ಲಪ್ಪ. ಮಗಳ ಮನೆಗೆ ನೆಂಟನಾಗಿ ಬಂದಿದ್ದೀನಿ. ಇನ್ನೊಂದು ಹದಿನೈದು ದಿನ, ಹೊರಟುಬಿಡ್ತೀನಿ."

ಪೊಲೀಸ್ ಬಿಡುತ್ತಿದ್ದ. ಅವನ ಹೆಂಡತಿಯ ಹೊಲಿಗೆ ಯಂತ್ರ ರಿಪೇರಿ ಆದ ಮೇಲಂತೂ ಸೆಲ್ಯೂಟ್ ಹೊಡೆದು ಬಿಡುತ್ತಿದ್ದ. ಆದರೂ ಕೈ ಅಡ್ಡ ಹಿಡಿಯುವುದನ್ನು ಬಿಡಲಿಲ್ಲ. ಇಬ್ಬರಿಗೂ ಅದು ರೂಢಿಯಾಗಿತ್ತು, ಕುಶಲ ವಿಚಾರಿಸಿದ ಹಾಗೆ.

ಹೀಗಿರುವಾಗ ಒಂದು ಸೋಮವಾರ ಮಾವ ಕೈಯಲ್ಲೊಂದು ಚೀಟಿ ಹಿಡಿದು ಮನೆಗೆ ಬಂದರು. ಪೊಲೀಸ್ ಕೊಟ್ಟದ್ದು. "ನನ್ನ ಕೈಯಲ್ಲಿಲ್ಲ ಯಜಮಾನ್ರೆ, ಮೇಲಿಂದ ಆರ್ಡರ್ ಬಂದಿದೆ" ಎಂದನಂತೆ. ಮೂವತ್ತು ದಿನದೊಳಗೆ ಗಾಡಿಯನ್ನು ಇಲ್ಲಿಯ ನಿವಾಸಿಯಾಗಿ ನೋಂದಾಯಿಸಬೇಕು, ಇಲ್ಲವೇ ರಾಜ್ಯದಿಂದ ಹೊರಗೆ ಒಯ್ಯಬೇಕು, ಎರಡೂ ಆಗದಿದ್ದರೆ ಜಪ್ತಿ.

ಸಂಜೆ ಚಹಾ ಕುಡಿಯುತ್ತಾ ಮಾವ ಹೇಳಿದರು: "ಒಳ್ಳೇದೇ ಆಯ್ತು. ನಾನೂ ಬಹಳ ದಿನ ಕೂತುಬಿಟ್ಟೆ. ಮುಂದಿನ ವಾರ ಗಾಡಿ ತಗೊಂಡು ಹೊರಡ್ತೀನಿ. ಅಲ್ಲಿ ನನ್ನ ಹಳೇ ಸ್ನೇಹಿತ ಒಬ್ಬ ಇದ್ದಾನೆ, ಅವನ ಮನೆ ಹಿಂದೆ ಒಂದು ಕೋಣೆ ಖಾಲಿ ಇದೆ."

ನನ್ನ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿದ ಕೂಡಲೇ ನನಗೆ ಅರ್ಥವಾಯಿತು, ಇವತ್ತು ನನಗೆ ಗ್ರಹಚಾರ ಕಾದಿದೆ ಎಂದು. ಎದ್ದು ಹಿಂದೆಯೇ ಹೋದೆ.

"ನಾನೇನು ಮಾಡಿದೆ? ಚೀಟಿ ಕೊಟ್ಟಿದ್ದು ಪೊಲೀಸ್" ಎಂದೆ.

"ನೀವೇನೂ ಮಾಡಿಲ್ಲ" ಎಂದಳು ಅವಳು, ನಲ್ಲಿ ನಿಲ್ಲಿಸದೆಯೇ. "ಯಾವಾಗ ಹೊರಡ್ತೀರಿ ಮಾವ ಅಂತ ನಾಲ್ಕು ವರ್ಷದಿಂದ ಕೇಳ್ತಿದ್ದೀರಿ. ಇಲ್ಲೇ ಇರಿ ಅಂತ ಒಂದು ದಿನ ಅಂದಿದ್ದೀರಾ?"

"ಅದು ತಮಾಷೆಗೆ ಕಣೆ. ಅವರೂ ನಗ್ತಾರಲ್ಲ."

"ಅಳಿಯ ತಮಾಷೆ ಮಾಡಿದ್ರೆ ಮಾವ ನಗದೆ ಇನ್ನೇನು ಮಾಡ್ತಾರೆ? ಹೋಗಿ ಅವರ ಕೋಣೇಲಿ ಕಪಾಟು ತೆಗೆದು ನೋಡಿ. ನನ್ನ ಹತ್ರ ಆಮೇಲೆ ಮಾತಾಡಿ."

ಹೋಗಿ ನೋಡಿದೆ. ಅವರು ಬಂದ ಹೊಸದರಲ್ಲಿ ಇವಳು ಆ ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿ, ಅಡಿಗೆ ಹೊಸ ಕಾಗದ ಹಾಸಿ ಕೊಟ್ಟಿದ್ದಳು. ಕಾಗದ ಹಳದಿಯಾಗಿತ್ತು. ಅದರ ಮೇಲೆ ಒಂದು ಕರವಸ್ತ್ರ ಕೂಡ ಇರಲಿಲ್ಲ. ಅವರ ಬಟ್ಟೆಯೆಲ್ಲ ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿತ್ತು. ತಂತಿಯ ಮೇಲೆ ಒಣಗಿದ ಬಟ್ಟೆ ನೇರವಾಗಿ ಸೂಟ್‌ಕೇಸಿಗೆ, ಸೂಟ್‌ಕೇಸಿನಿಂದ ಮೈಮೇಲೆ. ನಾಲ್ಕು ವರ್ಷದಿಂದ ಒಂದೇ ಸೂರಿನ ಕೆಳಗಿದ್ದೂ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಯಾರ ಮೇಲೆ ಹರಿಹಾಯುವುದು.

ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ನೋಂದಣಿ ಕಚೇರಿಗೆ ಹೋಗಿ ಅರ್ಜಿ ತಂದೆ. ಬೇಕಾದ ಕಾಗದಗಳ ಪಟ್ಟಿಯನ್ನು ಮಾವನ ಮುಂದೆ ಹಿಡಿದೆ. ಅವರು ವರಾಂಡದಲ್ಲಿ ಗಾಡಿಯ ಚೈನಿಗೆ ಎಣ್ಣೆ ಬಿಡುತ್ತಿದ್ದರು, ದೂರದ ಪ್ರಯಾಣಕ್ಕೆ.

"ಸುಮ್ಮನೆ ಯಾಕೆ ಅಳಿಯಂದ್ರೆ, ನಿಮಗೆ ತೊಂದರೆ" ಎಂದರು.

"ಗಾಡಿ ಕಾಗದ ಸರಿ ಇದ್ದರೆ ಯಾರಿಗೂ ತೊಂದರೆ ಇಲ್ಲ" ಎಂದೆ ಬಿರುಸಾಗಿ. ಒಳ್ಳೆಯ ಮಾತು ಆಡಬೇಕಾದಾಗಲೆಲ್ಲ ನನ್ನ ದನಿ ಹೀಗೆ ಬಿರುಸಾಗುತ್ತದೆ. "ಆರ್‌ಸಿ ಇದೆ, ಇನ್ಶೂರೆನ್ಸ್ ಇದೆ. ನೀವು ನಮ್ಮ ಮನೇಲಿ ಇದ್ದೀರಿ ಅಂತ ನಾನು ಬರೆದುಕೊಡ್ತೀನಿ. ಒಂದೇ ಒಂದು ಕಷ್ಟ. ನಿಮ್ಮ ಹಳೇ ರಾಜ್ಯದವರು ನಮ್ಮದೇನೂ ಆಕ್ಷೇಪಣೆ ಇಲ್ಲ ಅಂತ ಒಂದು ಪತ್ರ ಕೊಡಬೇಕು. ಅದನ್ನ ತರಿಸೋಕೆ ಒಂದು ತಿಂಗಳು ಸಾಲೋದಿಲ್ಲ."

ಮಾವ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದರು. ಬಟ್ಟೆ ಚೂರಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ಅದು ಇದೆ" ಎಂದರು.

"ಯಾವುದು?"

ಅವರು ಒಳಗೆ ಹೋದರು. ನಾನೂ ಹೋದೆ. ಸೂಟ್‌ಕೇಸ್ ಎಳೆದು, ಅಂಗಿಗಳನ್ನೆಲ್ಲ ತೆಗೆದು, ತಳದಿಂದ ಒಂದು ಪ್ಲಾಸ್ಟಿಕ್ ಕವರ್ ಹೊರಗೆ ತೆಗೆದರು. ಅದರಲ್ಲಿ ಮೂರು ಮಡಿಕೆಯ ಪತ್ರ. ಈ ವಾಹನವನ್ನು ಬೇರೆ ರಾಜ್ಯದಲ್ಲಿ ಖಾಯಂ ಆಗಿ ನೋಂದಾಯಿಸಿಕೊಳ್ಳಲು ನಮ್ಮ ಆಕ್ಷೇಪಣೆ ಇಲ್ಲ ಎಂದು ಬರೆದು ಮೊಹರು ಹಾಕಿತ್ತು. ನಾನು ತಾರೀಖು ನೋಡಿದೆ. ಇನ್ನೊಮ್ಮೆ ನೋಡಿದೆ. ಅವರು ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ಗೊತ್ತು, ಎಷ್ಟು ಸಲ ಲೆಕ್ಕ ಹಾಕಿದ್ದೇನೆ. ಪತ್ರ ಅದಕ್ಕಿಂತ ಒಂಬತ್ತು ದಿನ ಹಿಂದಿನದು.

"ಮಾವ, ಇದನ್ನ ಅಲ್ಲಿಂದ ಹೊರಡೋ ಮುಂಚೇನೇ ಮಾಡಿಸಿದ್ರಾ?"

"ಹೂಂ."

"ಹಾಗಾದ್ರೆ ಇಲ್ಲೇ ಇರೋಕೆ ಅಂತಾನೇ ಬಂದಿದ್ರಿ. ಮತ್ತೆ ಹದಿನೈದು ದಿನ ಅಂದಿದ್ಯಾಕೆ?"

ಅವರು ಅಂಗಿಗಳನ್ನು ಮತ್ತೆ ಸೂಟ್‌ಕೇಸಿನೊಳಗೆ ಜೋಡಿಸುತ್ತಿದ್ದರು. "ನೀವು ಕೇಳಿದ್ರಲ್ಲ" ಎಂದರು. "ಅವತ್ತು ಗೇಟ್ ಹತ್ರಾನೇ. ನಾನಿನ್ನೂ ಗಾಡಿ ಸ್ಟ್ಯಾಂಡ್ ಹಾಕಿರಲಿಲ್ಲ. ಎಷ್ಟು ದಿನದ ಪ್ರೋಗ್ರಾಂ ಮಾವ, ಅಂದ್ರಿ. ಏನಾದ್ರೂ ಒಂದು ಹೇಳಬೇಕಿತ್ತು. ಹದಿನೈದು ಅಂತ ಬಾಯಿಗೆ ಬಂತು."

ದೂರಿನ ದನಿ ಎಳ್ಳಷ್ಟೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಇರಿ ಮಾವ, ಎಲ್ಲಿಗೂ ಹೋಗಬೇಡಿ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಇಡೀ ತರಗತಿಯನ್ನು ಗದರಿಸುವ ನಾನು ಮಾತ್ರ, "ಚಾಸಿ ನಂಬರಿನ ಅಚ್ಚು ಬೇಕು, ಪೆನ್ಸಿಲ್ ಇದೆಯಾ?" ಎಂದೆ.

ಗಾಡಿಯ ಹ್ಯಾಂಡಲ್ಲಿನ ಕೆಳಗೆ, ಕಬ್ಬಿಣದ ಕತ್ತಿನ ಮೇಲೆ ಕೊರೆದಿರುವ ಆ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು ಅರ್ಜಿಗೆ ಅಂಟಿಸಬೇಕು. ನಾನು ಮೂರು ಸಲ ಉಜ್ಜಿದೆ. ಮೂರು ಸಲವೂ ಮಸಿ ಚೆಲ್ಲಿದ ಹಾಗೆ ಬಂತು. ಮಾವ ನೋಡುವಷ್ಟು ನೋಡಿ, ನನ್ನನ್ನು ಪಕ್ಕಕ್ಕೆ ಸರಿಸಿದರು. ಹಳೆಯ ಸೂಜಿಯೊಂದರಿಂದ ಅಂಕಿಗಳ ಸಂದಿಯ ಕೊಳೆ ಕೆದಕಿ, ಒಂದು ತೊಟ್ಟು ಯಂತ್ರದ ಎಣ್ಣೆಯಿಂದ ಒರೆಸಿ, ಒಣಗಿಸಿ, ಕಾಗದವನ್ನು ನನಗೆ ಹಿಡಿದುಕೊಳ್ಳಲು ಹೇಳಿ, ಪೆನ್ಸಿಲ್ ಮಲಗಿಸಿ ಉಜ್ಜಿದರು. ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ನಮ್ಮಿಬ್ಬರ ತಲೆ ಹೆಡ್‌ಲೈಟಿಗೆ ಒತ್ತಿಕೊಂಡಿತ್ತು. ಎದ್ದು ನಿಲ್ಲಲು ಅವರು ಎರಡು ಸಲ ಹ್ಯಾಂಡಲ್ ಹಿಡಿಯಬೇಕಾದದ್ದನ್ನು ಅವತ್ತು ನೋಡಿದೆ. ಇವರನ್ನು ಎರಡು ದಿನದ ದಾರಿಗೆ ಒಬ್ಬರನ್ನೇ ಕಳಿಸುವುದು ಸಾಧ್ಯವಿಲ್ಲ ಎಂದು ಆಗಲೇ ನನ್ನ ಮನಸ್ಸಿಗೆ ನಿಶ್ಚಯವಾಯಿತು.

ನೋಂದಣಿ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತಿದ್ದಾಕೆ ಬಲು ಕಟ್ಟುನಿಟ್ಟಿನ ಹೆಂಗಸು. ಅರ್ಜಿಯ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿ, "ಸರೀನಾ?" ಎಂದು ಕೇಳಿ, ಸರಿ ಎಂದ ಮೇಲೆಯೇ ಪೆನ್ನಿನಿಂದ ಒಂದು ಗೀಟು ಹಾಕುತ್ತಿದ್ದಳು. ಹೀಗಾಗಿ ಸಾಲಿನಲ್ಲಿ ನಿಂತವರಿಗೆಲ್ಲ ಎಲ್ಲರ ಜಾತಕವೂ ತಿಳಿಯುತ್ತಿತ್ತು. ನಮ್ಮ ಮುಂದಿದ್ದವನ ಕಾರಿನ ಬಣ್ಣ, ಅವನ ವಯಸ್ಸು, ಅವನು ಮೂರು ವರ್ಷದಲ್ಲಿ ಐದು ಮನೆ ಬದಲಾಯಿಸಿದ್ದು, ಎಲ್ಲ ನಮಗೆ ಬಾಯಿಪಾಠವಾಯಿತು.

ನಮ್ಮ ಸರದಿ ಬಂತು. ಅಚ್ಚು ನೋಡಿ, "ಯಾರು ತೆಗೆದಿದ್ದು? ಎಷ್ಟು ಚೆನ್ನಾಗಿ ಬಂದಿದೆ" ಎಂದಳು. ಮಾವ ಅಂಗಿಯ ಕಾಲರ್ ಸರಿಮಾಡಿಕೊಂಡರು. ಆಮೇಲೆ ಅವಳು ಆಕ್ಷೇಪಣೆ ಇಲ್ಲದ ಪತ್ರ ಬಿಡಿಸಿದಳು.

"ಇದು ನಾಲ್ಕು ವರ್ಷ ಹಳೇದು. ಇಷ್ಟು ದಿನ ಯಾಕೆ ಕೊಡಲಿಲ್ಲ?"

ಮಾವ ಬಾಯಿ ತೆರೆದರು. "ನಾನು ಈ ಊರಿಗೆ ನೆಂಟ ಅಮ್ಮ, ಹದಿನೈದು ದಿನಕ್ಕೆ ಅಂತ..."

"ನೆಂಟರಿಗೆ ನೋಂದಣಿ ಇಲ್ಲ ಯಜಮಾನ್ರೆ. ನಿವಾಸಿ ಆಗಿದ್ರೆ ಮಾತ್ರ. ತಡ ಆಗಿದ್ದಕ್ಕೆ ಕಾರಣ ಬರೆದು, ಸಹಿ ಹಾಕಿ ಕೊಡಿ. ಕಾರಣ ಸರಿ ಇದ್ರೆ ತಗೋತೀವಿ, ಇಲ್ಲ ಅಂದ್ರೆ ವಾಪಸ್."

ಮಾವ ನನ್ನ ಮುಖ ನೋಡಿದರು. "ಬಿಡಿ ಅಳಿಯಂದ್ರೆ, ಹೋಗೋಣ" ಎಂದರು ಮೆಲ್ಲಗೆ. ನಾನು ಕಿಟಕಿಗೆ ದಾರದಿಂದ ಕಟ್ಟಿದ್ದ ಪೆನ್ನನ್ನು ಕಿತ್ತುಕೊಂಡಂತೆ ಎಳೆದು ಒಂದು ಬಿಳಿ ಹಾಳೆಯಲ್ಲಿ ಬರೆದೆ. ಬರೆದು ಸಹಿ ಹಾಕಿ ಒಳಗೆ ತಳ್ಳಿದೆ. ಅವಳು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ ಎನ್ನುವುದು ನನಗೆ ಗೊತ್ತಿದ್ದೇ ಇತ್ತು. ಎದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ.

ಅವಳು ಓದಿದಳು: "ವಾಹನದ ಮಾಲೀಕರು ನನ್ನ ಮಾವನವರು. ನಾಲ್ಕು ವರ್ಷ ಎರಡು ತಿಂಗಳ ಹಿಂದೆ ಇಲ್ಲಿಯೇ ನೆಲೆಸಲು ಬಂದರು. ಇಲ್ಲಿಯೇ ಇರಿ ಎಂದು ನಾನು ಅವರಿಗೆ ಒಂದು ದಿನವೂ ಹೇಳಲಿಲ್ಲ. ತಡವಾಗಲು ಇದೇ ಕಾರಣ, ತಪ್ಪು ನನ್ನದು. ಈಗ ಹೇಳುತ್ತಿದ್ದೇನೆ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಕನ್ನಡಕ ತೆಗೆದಳು. ಈ ಸಲ ನನ್ನನ್ನು ಕೇಳಲಿಲ್ಲ. ಮಾವನ ಕಡೆ ತಿರುಗಿದಳು.

"ಸರೀನಾ ಯಜಮಾನ್ರೆ?"

ಮಾವ ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತಿದ್ದರು. ಹೊಲಿಗೆ ಯಂತ್ರದ ಸದ್ದು ಕೇಳುವಾಗ ನಿಲ್ಲುವ ಹಾಗೆಯೇ.

"ಸರಿ ಇದೆ ಅಮ್ಮ" ಎಂದರು.

ಅವಳು ಗೀಟು ಹಾಕಿ, ಮೊಹರು ಒತ್ತಿದಳು. ಮನೆಗೆ ಬರುವ ದಾರಿಯಲ್ಲಿ ಅವರು ಗಾಡಿ ಓಡಿಸಿದರು, ನಾನು ಹಿಂದೆ ಕೂತೆ. ಮನೆಯ ಗೇಟಿನ ಹತ್ತಿರ ಸ್ಟ್ಯಾಂಡ್ ಹಾಕುತ್ತಾ ಅವರು ಮಗಳನ್ನು ಕರೆದು, "ಆ ಕಪಾಟಿನ ಕಾಗದ ಹಳೇದಾಗಿದೆ ಕಣಮ್ಮ, ಬೇರೆ ಹಾಸಿಕೊಡು" ಎಂದರು. ಅವಳು ನನ್ನನ್ನು ನೋಡಿದಳು. ಆ ನೋಟಕ್ಕಾಗಿ ನಾನು ಇನ್ನೂ ನೂರು ಅರ್ಜಿ ಬರೆದೇನು.

ಎರಡು ವಾರದ ಮೇಲೆ ಹೊಸ ನಂಬರು ಬಂತು. ಪ್ಲೇಟ್ ಹಾಕಿಸಿದ ಬೆಳಿಗ್ಗೆ, ಸೂಜಿ ತರಬೇಕೆಂದು ನೆಪ ಹೇಳಿ ಮಾವ ಸರ್ಕಲ್ಲಿನ ಕಡೆ ಹೊರಟರು. ನಾನು ಶಾಲೆಯ ಬಸ್ಸಿಗೆ ಅಲ್ಲೇ ಕಾಯುತ್ತಿದ್ದೆ, ಹಾಗಾಗಿ ಇದೆಲ್ಲ ನನ್ನ ಕಣ್ಣಾರೆ ಕಂಡದ್ದು. ಪೊಲೀಸ್ ಇಲ್ಲಿಯ ನಂಬರು ಕಂಡು ಕೈ ಅಡ್ಡ ಹಿಡಿಯಲಿಲ್ಲ, ಹೋಗಿ ಎಂದು ಸನ್ನೆ ಮಾಡಿದ. ಮಾವ ಸರ್ಕಲ್ ಸುತ್ತಿ ಮತ್ತೆ ಬಂದರು. ಆಗಲೂ ಬಿಟ್ಟ. ಮೂರನೇ ಸುತ್ತಿಗೆ ಅವನ ಎದುರಿಗೇ ಬಂದು ನಿಧಾನ ಮಾಡಿದರು. ಕೊನೆಗೆ ಅವನಿಗೇ ಅನುಮಾನ ಬಂದು ಕೈ ಎತ್ತಿ ನಿಲ್ಲಿಸಿದ.

"ಏನು ಯಜಮಾನ್ರೆ, ದಾರಿ ತಪ್ಪಿತಾ? ಎಲ್ಲಿಗೆ ಹೋಗಬೇಕು?"

ಮಾವ ಗಾಡಿ ಆಫ್ ಮಾಡಿದರು. ಹೆಲ್ಮೆಟ್ ತೆಗೆದು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡರು. ಹಿಂದೆ ನಿಂತ ಗಾಡಿಗಳು ಹಾರನ್ ಹೊಡೆಯುತ್ತಿದ್ದರೂ ಅವಸರಪಡಲಿಲ್ಲ.

"ಎಲ್ಲಿಗೂ ಇಲ್ಲಪ್ಪ" ಎಂದರು. "ನಾನು ಇದೇ ಊರಿನೋನು."