ಅಟ್ಟವಿಲ್ಲದ ಲಾಫ್ಟ್

ನಮ್ಮ ಇಡ್ಲಿ ಪಾತ್ರೆ ಮಂಚದ ಕೆಳಗೆ ವಾಸಿಸುತ್ತದೆ. ನಾವಿರುವುದು ಲಾಫ್ಟ್‌ನಲ್ಲಿ, ನಮ್ಮ ಲಾಫ್ಟ್‌ಗೆ ಅಟ್ಟವಿಲ್ಲ.

ನಿಘಂಟನ್ನು ನಂಬಿದವರಿಗೆ ಇದು ಅಸಂಬದ್ಧವೆನಿಸೀತು. ಎಂಬತ್ತರ ದಶಕದ ಕೊನೆಯಲ್ಲಿ, ಅಮೆರಿಕದ ಜರ್ಸಿ ಸಿಟಿಯಲ್ಲಿ ನಮ್ಮ ಮೊದಲ ಮನೆ ಹುಡುಕುವಾಗ, ನಾನೂ ನಿಘಂಟನ್ನೇ ನಂಬಿ ಮೈಸೂರಿನ ಅತ್ತೆಯವರಿಗೆ ಫೋನಿನಲ್ಲಿ "ಲಾಫ್ಟ್ ಅಂದ್ರೆ ಅಟ್ಟ" ಎಂದು ಅನುವಾದಿಸಿಬಿಟ್ಟೆ. ಹೆಂಡತಿ ವಿಮಲ ಆಗ ಬಸುರಿ. ಬಾಣಂತನಕ್ಕೆ ಅತ್ತೆ ಬಾರದಿದ್ದರೆ ನಮಗೆ ಬೇರೆ ಗತಿಯಿರಲಿಲ್ಲ.

"ನನ್ನ ಮಗಳನ್ನ ಉಪ್ಪಿನಕಾಯಿ ಜಾಡಿ ಪಕ್ಕ ಮಲಗಿಸ್ತೀರೇನ್ರೀ? ಮೊದಲು ಬಾಗಿಲಿರೋ ರೂಮು ನೋಡಿ, ಆಮೇಲೆ ನಾನು ಬರೋ ಮಾತು!"

ನೋಡಿದ್ದು ಎರಡು. ಒಂದು ಅಲ್ಲಿಯವರ ಅಸಲಿ ಲಾಫ್ಟ್, ಅಂದರೆ ಹಿಂದೆ ಅಂಗಿಯ ಗುಂಡಿ ತಯಾರಿಸುತ್ತಿದ್ದ ಕಾರ್ಖಾನೆಯ ಇಡೀ ಒಂದು ಮಹಡಿ, ಈಗ ಮನೆ: ದಪ್ಪ ಇಟ್ಟಿಗೆ ಗೋಡೆ, ಅಸಲಿ ಕಬ್ಬಿಣದ ಕಂಬ, ಎಣ್ಣೆ ಕುಡಿದ ಹಲಗೆಯ ನೆಲ, ಆಳೆತ್ತರದ ಕಿಟಕಿಗಳಿಂದ ಧಾರಾಳ ಬೆಳಕು, ಅಷ್ಟೇ ಧಾರಾಳ ಚಳಿ, ಒಳಗೆ ಮಾತ್ರ ಒಂದೂ ಗೋಡೆಯಿಲ್ಲ. ಇನ್ನೊಂದು, ಲಾಫ್ಟ್ ವೇಷ ತೊಟ್ಟ ಹೊಸ ಕಾಂಡೋ ಫ್ಲಾಟು: ಪೈಪುಗಳನ್ನು ಬೇಕೆಂದೇ ಬಯಲಿಗಿಟ್ಟಿದ್ದರು, ಕಂಬ ತಟ್ಟಿದರೆ ಟೊಳ್ಳು, ನೆರೆಯವನು ಸೀನಿದರೆ ನಾವು ಇಲ್ಲಿಂದಲೇ 'ಚಿರಂಜೀವಿ' ಎನ್ನಬಹುದಾದಷ್ಟು ತೆಳು ಗೋಡೆ. ಆದರೆ ಹೀಟರು ಹೊಸದು, ಮಲಗುವ ಕೋಣೆಗೆ ಬಾಗಿಲಿತ್ತು. ಅಸಲಿಗೆ ಬಾಗಿಲಿಲ್ಲ, ಬಾಗಿಲಿದ್ದದ್ದು ಅಸಲಿಯಲ್ಲ.

ನಾನು ಬಾಗಿಲಿನ ಪಕ್ಷ. ವಿಮಲ ಕಾರ್ಖಾನೆಯ ತೊಲೆಯಲ್ಲಿ, ಹಿಂದೆ ಸರಕು ಎತ್ತಲು ಹಾಕಿದ್ದ ಕೊಕ್ಕೆ ನೋಡಿ, "ರೀ, ತೊಟ್ಟಿಲು ಕಟ್ಟಬಹುದು!" ಎಂದಳು. ಕೊಕ್ಕೆಯನ್ನು ಮೊದಲು ಕಂಡವನು ನಾನೆಂದೇ ನನ್ನ ನೆನಪು. ಆದರೆ ಈ ನೆನಪಿಗೆ ಸದಾ ನನ್ನ ಪರವಾಗಿಯೇ ಸಾಕ್ಷಿ ಹೇಳುವ ಚಾಳಿಯಿರುವುದರಿಂದ ಆ ಕೀರ್ತಿಯನ್ನು ಅವಳಿಗೇ ಬಿಟ್ಟಿದ್ದೇನೆ. ಕೊಂಡದ್ದು ಕಾರ್ಖಾನೆಯನ್ನೇ. ಅತ್ತೆಗೆ "ರೂಮು ಬಹಳ ದೊಡ್ಡದಿದೆ" ಎಂದಷ್ಟೇ ತಿಳಿಸಿದೆವು, ಅದು ಸುಳ್ಳಲ್ಲವಲ್ಲ!

ಅತ್ತೆ ಬಂದರು. ಸೂರು, ಕಂಬ, ಬಯಲು ನೋಡುತ್ತ ನಿಂತೇಬಿಟ್ಟರು. ವಾಪಸು ಟಿಕೆಟ್ ಕೇಳುತ್ತಾರೆಂದೇ ನಾನು ಎಣಿಸಿದ್ದೆ.

"ಅಯ್ಯೋ ಅಳಿಯಂದ್ರೇ, ಇದನ್ನ ಅಟ್ಟ ಅಂದ್ರಲ್ಲಾ! ಇದು ಛತ್ರ!"

ಛತ್ರವೆಂದ ಮೇಲೆ ಮುಂದಿನದು ಅವರಿಗೆ ಕರತಲಾಮಲಕ. ಮದುವೆಮನೆಯಲ್ಲಿ ಮಾಡುವಂತೆ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿಸಿ, ಹಳೆಯ ಸೀರೆಗಳನ್ನು ಎರಡೆರಡು ಪದರವಾಗಿ ಇಳಿಬಿಟ್ಟು, ಗಾಳಿ ನುಸುಳದ ಬಾಣಂತಿ ಕೋಣೆಯನ್ನೇ ಎಬ್ಬಿಸಿದರು. ಮೊದಲ ಮನೆ ಕೊಳ್ಳುವ ಗೆಳೆಯರು ಈಗ ಹಳೆಯದೋ ಹೊಸದೋ ಎಂದು ಕೇಳಿದರೆ, ಕಂಬ ತಟ್ಟಿ ನೋಡಿ, ಮನೆಯಲ್ಲಿ ಸೀರೆ ಸಾಕಷ್ಟಿದೆಯೇ ಅದನ್ನೂ ನೋಡಿ ಎನ್ನುತ್ತೇನೆ.

ಹುಟ್ಟಿದ ಮಗಳು ನೋಡನೋಡುತ್ತಲೇ ತೊಟ್ಟಿಲಿಗಿಂತ ಉದ್ದ ಬೆಳೆದಳು. ಅತ್ತೆ ಮೈಸೂರಿನಿಂದ ಬಿಡಿಬಿಡಿಯಾಗಿ ತಂದು, ಜೋಡಿಸಿ, ಆ ಕೊಕ್ಕೆಗೆ ತೂಗುಬಿಟ್ಟಿದ್ದ ತೊಟ್ಟಿಲನ್ನು ಮತ್ತೆ ಬಿಚ್ಚಿ, ಎತ್ತಿಡಲು ಅಟ್ಟವಿಲ್ಲದೆ ಮಂಚದ ಕೆಳಗೆ ತಳ್ಳಿದೆ. ಇಡ್ಲಿ ಪಾತ್ರೆ ಕೊಂಚ ಸದ್ದು ಮಾಡಿ, ಸರಿದು ಜಾಗ ಕೊಟ್ಟಿತು.